ಸೊಳ್ಳೆ ಬಿಡುವವನಿಗೊಂದು ಹೆಣ್ಣು

ಹೆಣ್ಣು ನೋಡಲು ಹೋದ ಮನೆಗಳಲ್ಲೆಲ್ಲ ನನಗೆ ಕಾಫಿ ಚೆನ್ನಾಗಿಯೇ ಸಿಕ್ಕಿದೆ. ಹೆಣ್ಣು ಮಾತ್ರ ಸಿಕ್ಕಿರಲಿಲ್ಲ.

ಮೊದಲು ಕಾಫಿ ಬರುತ್ತಿತ್ತು, ಹಿಂದೆಯೇ "ಹುಡ್ಗ ಏನ್ ಮಾಡ್ಕಂಡವ್ನೆ?" ಎಂಬ ಪ್ರಶ್ನೆ ಬರುತ್ತಿತ್ತು. ನಮ್ಮ ಕಡೆಯ ಮದುವೆ ದಲ್ಲಾಳಿ "ಸ್ವಂತ ಜಮೀನು, ನಾಲೆ ನೀರು, ಕಬ್ಬು, ಭತ್ತ, ಡೈರಿಗೆ ಹಾಲು" ಎಂದು ರಾಗವಾಗಿ ಶುರು ಮಾಡಿದರೆ, ಡೈರಿಗೆ ಬರುವಷ್ಟರಲ್ಲಿ ಆ ಮನೆಯ ಯಜಮಾನರ ಮುಖದಲ್ಲಿ ಒಂದು ಮರ್ಯಾದೆಯ ನಗು ಬಂದು ಕೂತಿರುತ್ತಿತ್ತು. ಆ ನಗು ಬಂತೆಂದರೆ ಲೋಟ ಕೆಳಗಿಟ್ಟು ಚಪ್ಪಲಿ ಹುಡುಕಬೇಕು ಎಂದೇ ಅರ್ಥ. ಬೇಸಾಯಗಾರನಿಗೆ ಹೆಣ್ಣು ಕೊಡುವುದಿಲ್ಲ ಎಂದು ಯಾರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ಬೇಸಾಯ ಮಾಡಿಕೊಂಡೇ ಇರುವ ಅಪ್ಪಂದಿರು ಹೇಗೆ ತಾನೇ ಹೇಳಿಯಾರು?

ನಮ್ಮೂರು ಕಿಕ್ಕೇರಿ ಹೋಬಳಿಯಲ್ಲಿದೆ. ಮೂವತ್ತು ದಾಟಿಯೂ ಮದುವೆಯಾಗದ ಗಂಡಸರನ್ನೇ ಸೇರಿಸಿ ಒಂದು ಕ್ರಿಕೆಟ್ ತಂಡ ಕಟ್ಟಬಹುದಿತ್ತು, ಕಟ್ಟಿಯೂ ಇದ್ದೆವು. ಯಾರಿಗಾದರೂ ಹೆಣ್ಣು ಗೊತ್ತಾದರೆ ಅವನನ್ನು ತಂಡದಿಂದ ತೆಗೆಯುವುದು ನಿಯಮ. ತಂಡ ಬಹಳ ವರ್ಷ ಬದಲಾಗದೆ ಹಾಗೆಯೇ ಉಳಿಯಿತು. ಅಪ್ಪ ಹೋಗಿ ಬಹಳ ಕಾಲವಾಗಿತ್ತು, ಮನೆಯಲ್ಲಿ ನಾನು, ಅವ್ವ, ಹಸುಗಳು. ಬೆಳಿಗ್ಗೆ ಎದ್ದರೆ ಅವ್ವ ಹಸುವಿನ ಜೊತೆ ನನ್ನ ಮದುವೆಯ ಮಾತು ತೆಗೆಯುತ್ತಿದ್ದಳು. ಹಸುವಾದರೂ ತಲೆ ಆಡಿಸುತ್ತಿತ್ತು.

ಒಂದು ಮಳೆಗಾಲದಲ್ಲಿ ನಮ್ಮ ಸುತ್ತಮುತ್ತ ಡೆಂಗಿ ಬಂತು. ಮನೆಗೊಬ್ಬರು ಮಲಗಿದರು. ಯಾರೋ ಪರಂಗಿ ಎಲೆಯ ರಸ ಕುಡಿದರೆ ರಕ್ತ ಏರುತ್ತದೆ ಎಂದರು, ವಾರದೊಳಗೆ ಊರಿನ ಪರಂಗಿ ಗಿಡಗಳೆಲ್ಲ ಬೋಳಾಗಿ ನಿಂತವು. ಆಮೇಲೆ ಮೈಸೂರಿನ ಸಂಶೋಧನಾ ಸಂಸ್ಥೆಯೊಂದರಿಂದ ಒಬ್ಬ ವಿಜ್ಞಾನಿ ಬಂದು ಹಾಲಿನ ಡೈರಿಯ ಮುಂದೆ ಸಭೆ ಸೇರಿಸಿದರು. ತೆಳ್ಳಗಿನ ಮನುಷ್ಯ, ಪಠ್ಯಪುಸ್ತಕದ ಕನ್ನಡ. ಗಂಡು ಸೊಳ್ಳೆ ಕಚ್ಚುವುದಿಲ್ಲ, ಕಚ್ಚುವುದೆಲ್ಲ ಹೆಣ್ಣೇ ಎಂದರು. ಪ್ರಯೋಗಾಲಯದಲ್ಲಿ ಗಂಡು ಸೊಳ್ಳೆಗಳಿಗೆ ಎಕ್ಸ್‌ರೇ ಹಾಯಿಸಿ ಅವುಗಳಿಗೆ ಸಂತಾನವಾಗದ ಹಾಗೆ ಮಾಡುತ್ತೇವೆ, ತಂದು ನಿಮ್ಮೂರಿನಲ್ಲಿ ಬಿಡುತ್ತೇವೆ, ಅವುಗಳ ಜೊತೆ ಕೂಡಿದ ಹೆಣ್ಣು ಸೊಳ್ಳೆ ಇಟ್ಟ ಮೊಟ್ಟೆ ಮರಿಯಾಗುವುದಿಲ್ಲ, ಹೀಗೆ ಬಿಡುತ್ತಾ ಹೋದರೆ ಸೊಳ್ಳೆಯ ಸಂತತಿಯೇ ಇಳಿಯುತ್ತದೆ ಎಂದರು.

ಆಮೇಲೆ ಹಿಂದಿನಿಂದ ಒಬ್ಬ ಮುದುಕರು ಎದ್ದರು.

"ಸ್ವಾಮಿ, ಸೊಳ್ಳೆ ಓಡ್ಸಿ ಅಂತ ನಾವು ಪಂಚಾಯ್ತಿಲಿ ಬಡ್ಕಂತಾ ಇದ್ರೆ, ನೀವು ಮೈಸೂರಿಂದ ಸೊಳ್ಳೆ ತಂದು ಬುಡ್ತೀವಿ ಅಂತೀರಲ್ಲ?"

ಇನ್ನೊಬ್ಬರು ನಮ್ಮ ಕ್ರಿಕೆಟ್ ತಂಡದ ಕಡೆ ಕೈ ತೋರಿಸಿದರು. "ಊರಲ್ಲಿರೋ ಗಂಡುಗಳ್ಗೇ ಎಣ್ಣಿಲ್ಲ. ಇವ್ರು ಇನ್ನೂ ಗಂಡು ತಂದು ಬುಡ್ತಾವ್ರೆ!"

ಸಭೆಯೆಲ್ಲ ನಕ್ಕಿತು. ತಂಡದವರು ನೆಲ ನೋಡಿದೆವು. ವಿಜ್ಞಾನಿಗಳಿಗೆ ನಗು ಅರ್ಥವಾಗಲಿಲ್ಲ. ಒಂದು ಪರದೆಯ ಪೆಟ್ಟಿಗೆ ತೆಗೆದು, ಇದರೊಳಗೆ ಇರುವುದೆಲ್ಲ ಗಂಡು, ಧೈರ್ಯವಿದ್ದವರು ಕೈ ಹಾಕಿ ನೋಡಬಹುದು ಎಂದರು. ಯಾರೂ ಕದಲಲಿಲ್ಲ. ನನ್ನ ತಂಡದವರು ಹಿಂದಿನಿಂದ ತಳ್ಳಿದ್ದರಿಂದ ನಾನು ಮುಂದೆ ಬಂದು ನಿಂತಿದ್ದೆ. ಬಂದ ಮೇಲೆ ಹಿಂದೆ ಹೋಗಲು ಮಾನ ಬಿಡಲಿಲ್ಲ. ಮೊಣಕೈವರೆಗೆ ಕೈ ತೂರಿಸಿದೆ. "ಅಯ್ಯೋ ನನ್ನ್ ಒಬ್ನೇ ಮಗ!" ಎಂದು ಅವ್ವ ಕಿರುಚಿದ್ದು ಬಸ್‌ಸ್ಟಾಪಿನವರೆಗೆ ಕೇಳಿಸಿತಂತೆ. ಸೊಳ್ಳೆಗಳು ಕೈಮೇಲೆಲ್ಲ ಕೂತವು, ಓಡಾಡಿದವು, ಒಂದೂ ಕಚ್ಚಲಿಲ್ಲ. ಕೈ ತೆಗೆದಾಗ ಜನ ಚಪ್ಪಾಳೆ ತಟ್ಟಿದರು. ನಿಮಗೆ ಬೈಕ್ ಇದೆಯೇ ಎಂದು ವಿಜ್ಞಾನಿ ಕೇಳಿದರು. ಹೀಗೆ ನನಗೆ ಕೆಲಸವಾಯಿತು.

ಕೆಲಸ ಇಷ್ಟೇ. ಬೆಳಿಗ್ಗೆ ಸಂಸ್ಥೆಯ ಜೀಪು ಮೈಸೂರಿನಿಂದ ಹೊರಟು, ಶ್ರೀರಂಗಪಟ್ಟಣ, ಪಾಂಡವಪುರದ ಕಡೆಯ ಊರುಗಳಲ್ಲಿ ಪೆಟ್ಟಿಗೆ ಇಳಿಸಿಕೊಂಡು ನಮ್ಮೂರಿಗೆ ಬರುತ್ತಿತ್ತು. ನನ್ನ ಪೆಟ್ಟಿಗೆಯಲ್ಲಿ ಪ್ಲಾಸ್ಟಿಕ್ ಲೋಟಗಳು, ಲೋಟದಲ್ಲಿ ಸೊಳ್ಳೆಗಳು, ಅವುಗಳ ಆಹಾರಕ್ಕೆ ಸಕ್ಕರೆ ನೀರಿನಲ್ಲಿ ಅದ್ದಿದ ಹತ್ತಿ. ಬೀದಿ ಬೀದಿ ಸುತ್ತಿ ಮುಚ್ಚಳ ತೆಗೆದು ತಟ್ಟುವುದು. ಸಕ್ಕರೆ ನೀರು ಕಂಡು ಅವ್ವನಿಗೆ ಸಂಕಟ. "ಸಕ್ರೆ ಯಾಕ್ಲಾ ಕೊಡ್ತಾರೆ, ಶೀತ ಆಯ್ತದೆ. ವಸಿ ಬೆಲ್ಲದ ನೀರು ಮಾಡ್ಕೊಡ್ತೀನಿ" ಎನ್ನುತ್ತಿದ್ದಳು. ಅದೇ ಅವ್ವ ಸಂಜೆ ಕರೆಂಟ್ ಬ್ಯಾಟು ಹಿಡಿದು ಜಗಲಿ ಮೇಲೆ ಕೂತರೆ ಚಟಪಟ ಎನ್ನಿಸುತ್ತಿದ್ದಳು.

"ಅವ್ವ, ಅದು ನಮ್ದು ಕಣವ್ವ! ಬೆಳಿಗ್ಗೆ ಬುಟ್ಟಿದ್ದು!"

"ನಮ್ದು ಅಂತ ಅದ್ರ ಅಣೆ ಮೇಲೆ ಬರ್ದೈತಾ?"

ಊರಿನ ಹೆಂಗಸರು ಮೊದಮೊದಲು "ನಮ್ಮನೆ ಮುಂದೆ ಬುಡ್ಬ್ಯಾಡ, ಎದುರ್ಗಡೆ ಮನೆ ಮುಂದೆ ಬುಡು" ಎಂದು ಪೊರಕೆ ಹಿಡಿದು ಅಟ್ಟುತ್ತಿದ್ದರು. ಇದರಿಂದ ಒಳ್ಳೆಯದಾಗುತ್ತದೆ ಎಂದು ನಂಬಿಕೆ ಬಂದ ಮೇಲೆ ಇನ್ನೂ ಕಷ್ಟವಾಯಿತು. "ಅವ್ರ ಮನೆ ಮುಂದೆ ತುಂಬಿದ್ ಲೋಟ ಬುಟ್ಟೆ, ನಮ್ಗೆ ಅರ್ಧ ಲೋಟ ಬುಟ್ಟೆ. ನಾವೇನ್ ನಿಂಗೆ ಓಟಾಕಿಲ್ವಾ?" ಎಂದು ಜಗಳಕ್ಕೆ ಬಂದರು. ನಾನು ಯಾವ ಚುನಾವಣೆಗೂ ನಿಂತವನಲ್ಲ. ಆದರೂ ಲೋಟ ಎತ್ತಿ ಬೆಳಕಿಗೆ ಹಿಡಿದು, ನೋಡಿ ತುಂಬಿದೆ ಎಂದು ತೋರಿಸಿಯೇ ಬಿಡಬೇಕಾಯಿತು.

ಕೆಲಸ ಸಿಕ್ಕಿದ್ದೇ ದಲ್ಲಾಳಿಯ ರಾಗ ಬದಲಾಯಿತು. ಜಮೀನು, ನಾಲೆ, ಡೈರಿ ಎಲ್ಲ ಬಾಲಕ್ಕೆ ಹೋದವು. "ಹುಡ್ಗ ಸೈನ್ಸಲ್ಲವ್ನೆ" ಎಂದು ಶುರು ಮಾಡುತ್ತಿದ್ದ. ನಾನು ಬಿ.ಎ. ಓದಿದವನು. ಇರಲಿ ಬಿಡು, ಎಂದು ಸುಮ್ಮನಿದ್ದೆ. ಹಾಗೆ ಬಂದದ್ದೇ ಬೆಳ್ಳೂರಿನ ಸಂಬಂಧ.

ಹುಡುಗಿಗೆ ತಂದೆ ಇರಲಿಲ್ಲ. ಸೋದರಮಾವ ಸಾಕಿ ಓದಿಸಿದ್ದರು. ಬೆಳ್ಳೂರು ಕ್ರಾಸಿನಲ್ಲಿ ಅವರದೊಂದು ತಿಂಡಿ ಹೋಟೆಲು. ಹುಡುಗಿ ನಾಗಮಂಗಲದ ಒಂದು ಕಚೇರಿಯಲ್ಲಿ ಕಂಪ್ಯೂಟರ್ ಕೆಲಸ ಮಾಡುತ್ತಿದ್ದಳು. ನಾನು, ಅವ್ವ, ದಲ್ಲಾಳಿ ಹೋದೆವು. ಅವಳು ಕಾಫಿ ತಂದು ಕೊಟ್ಟು ಒಳಗೆ ಹೋಗಬೇಕಾದವಳು ಹೋಗಲಿಲ್ಲ, ಬಾಗಿಲಿಗೆ ಒರಗಿ ನಿಂತಳು.

"ಗಂಡು ಸೊಳ್ಳೆ ನಿಜ್ವಾಗ್ಲೂ ಕಚ್ಚಲ್ವಾ?"

"ಇಲ್ಲ."

"ಮತ್ತೆ ಅದಕ್ಕೆ ಹೊಟ್ಟೆಗೆ?"

"ಸಕ್ರೆ ನೀರು. ನಮ್ಮವ್ವ ಬೆಲ್ಲ ಕೊಡು ಅಂತಾಳೆ."

ಅವಳು ನಕ್ಕಳು. ಬಾಯಿಗೆ ಕೈ ಅಡ್ಡ ಹಿಡಿಯದೆ, ಪೂರ್ತಿಯಾಗಿ. ಇದುವರೆಗೆ ನಾನು ಹೋದ ಮನೆಗಳಲ್ಲಿ ಹುಡುಗಿಯರು ಕಾಲಬೆರಳು ನೋಡಿಕೊಂಡು ನಿಂತಿದ್ದನ್ನಷ್ಟೇ ಕಂಡಿದ್ದೆ. ಆಗಲೇ ನನಗೆ ಇವಳು ಬೇಕು ಅನ್ನಿಸಿತು. ಬೇಕು ಅನ್ನಿಸಿದ್ದರಿಂದ ಭಯವೂ ಶುರುವಾಯಿತು. ಹಿಂದೆಲ್ಲ ಆಗುವುದಿಲ್ಲ ಎಂದರೆ ಕಾಫಿ ಕುಡಿದು ಬರುತ್ತಿದ್ದೆ, ಈ ಸಲ ಹಾಗೆ ಬರಲು ನನ್ನ ಕೈಲಾಗುವುದಿಲ್ಲ ಎಂದು ಗೊತ್ತಾಯಿತು.

ತಿಳಿಸುತ್ತೇವೆ ಎಂದು ಮಾವ ಹೇಳಿದರು. ನಮ್ಮ ಕಡೆ ಹೆಣ್ಣಿನವರು ತಿಳಿಸುವ ಮೊದಲು ಹುಡುಗನ ಊರಿಗೆ ಬಂದು ಹಿಂದೆ ಮುಂದೆ ವಿಚಾರಿಸುವ ಪದ್ಧತಿ ಇದೆ. ಬಂದವರು ತಾವು ಯಾರೆಂದು ಹೇಳುವುದಿಲ್ಲ, ಹಸು ಕೊಳ್ಳಲು ಬಂದವರಂತೆ ಟೀ ಅಂಗಡಿಯಲ್ಲಿ ಕೂರುತ್ತಾರೆ. ಇಸ್ತ್ರಿ ಮಾಡಿದ ಪಂಚೆ ಉಟ್ಟು ಹಸು ಕೊಳ್ಳಲು ಯಾರೂ ಬರುವುದಿಲ್ಲ ಎಂದು ಟೀ ಅಂಗಡಿಯವರಿಗೂ ಗೊತ್ತು. ಆದರೂ ಎರಡೂ ಕಡೆಯವರು ಮರ್ಯಾದೆಗೆ ಹಸುವಿನ ಮಾತೇ ಆಡುತ್ತಾರೆ. ಆ ಮಾತಿನ ನಡುವೆ ಹುಡುಗನ ಜಾತಕ ಹೊರಬರುತ್ತದೆ.

ಮಾವ ಬಂದು ಕೂತರು. ನಮ್ಮವರೇನೂ ನನ್ನ ಮೇಲೆ ಹಗೆ ಸಾಧಿಸಲಿಲ್ಲ, ಹೊಗಳಿಯೇ ನನ್ನನ್ನು ಮುಗಿಸಿದರು. ಬೀಡಿ ಇಲ್ಲ, ಎಣ್ಣೆ ಇಲ್ಲ, ಇಸ್ಪೀಟು ಇಲ್ಲ ಎಂದರು. ಅಲ್ಲಿಗೆ ನಿಲ್ಲಿಸಬಹುದಿತ್ತು. ಟೀ ಅಂಗಡಿಯ ಯಜಮಾನನಿಗೆ ನನ್ನ ಮೇಲೆ ಸ್ವಲ್ಪ ಹೆಚ್ಚೇ ಪ್ರೀತಿ.

"ಪ್ರಾಣದ ಆಸೇನೇ ಇಲ್ಲ ಕಣಣ್ಣ ಅವ್ನಿಗೆ. ಸೊಳ್ಳೆಗೆ ಐಕ್ಳಾಗದಂಗೆ ಮಾಡೋ ಕಿರ್ಣ ಐತಲ್ಲ, ಆ ಡಬ್ಬಿನೇ ಒಟ್ಟೆಗೆ ಒರಗಿಸ್ಕಂಡು ಬೈಕಲ್ಲಿ ದಿನಾ ತಿರುಗ್ತಾನೆ. ತನ್ಗೇನಾಯ್ತದೆ ಅಂತ ಒಂದ್ ದಿನ ಯೋಚ್ನೆ ಮಾಡಿಲ್ಲ. ಅಂತಾ ಧೈರ್ಯಸ್ಥ."

ಮಾವ ಟೀ ಲೋಟ ಹಿಡಿದೇ ಕೇಳಿದರಂತೆ. "ಅಂದ್ರೆ, ಅವ್ರಿಗೂ ತಾಕಿರಬೋದಾ?"

"ತಾಕಿರ್ತದೆ ಕಣಣ್ಣ, ದಿನಾ ಅಲ್ವಾ? ಆದ್ರೂ ಬುಟ್ಟಿಲ್ಲ ನೋಡು ಕೆಲ್ಸಾನ!"

ಮಾವ ಇನ್ನೊಮ್ಮೆ ನಿಜವೇ ಎಂದು ಕೇಳಿ, ಟೀ ಮುಗಿಸಿ, ಹಸು ನೋಡದೆ ಹೊರಟುಹೋದರು. ಅವರು ನಮ್ಮ ಮನೆಗೂ ಬರಲಿಲ್ಲ, ಬೆಳ್ಳೂರಿನಿಂದ ಫೋನೂ ಬರಲಿಲ್ಲ.

ಎಕ್ಸ್‌ರೇ ತೆಗೆಸಿಕೊಂಡವನ ಪಕ್ಕ ಕೂತರೆ ನಮ್ಮ ಮೂಳೆ ಕಾಣುತ್ತದೆಯೇ, ಕಿರಣ ಮೈಸೂರಿನಲ್ಲೇ ಮುಗಿದುಹೋಗಿರುತ್ತದೆ, ಡಬ್ಬಿಯಲ್ಲಿ ಇರುವುದು ಬರೀ ಸೊಳ್ಳೆ ಎಂದು ನಾನು ಊರೆಲ್ಲ ಗಂಟಲು ಹರಿದುಕೊಂಡೆ. ಕೇಳುವವರು ಯಾರು? ಮಾತು ಊರಿನಲ್ಲಿ ಬೆಳೆಯಿತು. ಕಾವಿಗೆ ಕೂತ ಕೋಳಿಯ ಹತ್ತಿರ ಬರಬೇಡಪ್ಪ ಎಂದು ಪಕ್ಕದ ಮನೆಯವಳು ಕೈಮುಗಿದಳು. ಹಸುವಿಗೆ ಇಂಜೆಕ್ಷನ್ ಕೊಡಿಸಿದವನೊಬ್ಬ ಗಬ್ಬ ನಿಲ್ಲುವವರೆಗೆ ನಮ್ಮ ಬೀದಿಯಲ್ಲಿ ಬೈಕ್ ತರಬೇಡ ಎಂದ. ನನ್ನ ತಂಡದವರು ಬೌಲಿಂಗ್ ಮಾಡುವಾಗ ನನ್ನಿಂದ ಮಾರು ದೂರ ನಿಲ್ಲತೊಡಗಿದರು, ಮದುವೆಯೇ ಇಲ್ಲದ ಅವರಿಗೆ ಅದರ ಚಿಂತೆ ಏಕೆಂದು ನನಗೆ ಇವತ್ತಿಗೂ ತಿಳಿದಿಲ್ಲ. ಅವ್ವ ಟೀ ಅಂಗಡಿಗೆ ಹೋಗಿ ಯಜಮಾನನ ವಂಶವನ್ನೆಲ್ಲ ಬಾಯಿಗೆ ಬಂದಂತೆ ಬೈದು ಬಂದಳು. ಬಂದು ಕೊಟ್ಟಿಗೆಯಲ್ಲಿ ಕೂತು ಅತ್ತಳು. ನಾನು ಅಳಲಿಲ್ಲ, ಊಟ ಸೇರುತ್ತಿರಲಿಲ್ಲ ಅಷ್ಟೆ.

ಅಷ್ಟರಲ್ಲಿ ಒಂದು ದಿನ ದಲ್ಲಾಳಿ ಓಡಿ ಬಂದ. "ಬತ್ತವ್ರಂತೆ ಕಣವ್ವ! ಭಾನ್ವಾರ ಮನೆ ನೋಡಕ್ಕೆ ಬತ್ತವ್ರಂತೆ. ಹುಡ್ಗಿನೂ ಬತ್ತಾಳಂತೆ!"

ಅವ್ವ ಸಗಣಿ ಕೈಯಲ್ಲೇ ಎದ್ದು ನಿಂತಳು. "ಎಣ್ಣೇ ಮನೆ ನೋಡಕ್ಕೆ ಬರೋದಾ? ಇದೆಲ್ಲಿ ಕಂಡಿದ್ದಲಾ?" ತಾನೇ ಉತ್ತರವನ್ನೂ ಕಂಡುಕೊಂಡಳು. "ಪರೀಕ್ಸೆ ಮಾಡಕ್ಕೆ ಬತ್ತವ್ರೆ. ನನ್ ಮಗ ಸರಿಯಾಗವ್ನೆ ಅಂತ ನಾನು ತೋರ್ಸ್‌ತೀನಿ."

ಮಾರನೆಯ ದಿನ ಜೀಪಿನಲ್ಲಿ ಬಂದ ವಿಜ್ಞಾನಿಗಳನ್ನು ಅವ್ವ ಅಡ್ಡಗಟ್ಟಿದಳು.

"ಸಾರ್, ನಿಮ್ಗೆ ಐಕ್ಳವ್ರಾ?"

"ಒಬ್ಬ ಮಗಳಿದ್ದಾಳೆ, ಅಮ್ಮ. ಈಗ ನನ್ನ ಪತ್ನಿ ಮತ್ತೆ ಗರ್ಭಿಣಿ. ಏಳನೇ ತಿಂಗಳು."

"ಆ ಕಿರ್ಣದ ಮಿಸಿನ್ ಮುಂದೆ ಕೂರೋರು ನೀವೇಯ?"

"ಹೌದು. ಮದುವೆಗೆ ಮೊದಲಿನಿಂದಲೂ."

ಅವ್ವ ಎರಡೂ ಕೈ ಜೋಡಿಸಿದಳು. "ಭಾನ್ವಾರ ನಿಮ್ಮನೆಯವ್ರನ್ನ ಕರ್ಕಂಡ್ ಬನ್ನಿ. ಬಸುರಿ ಎಂಗ್ಸು, ಮಡ್ಲಕ್ಕಿ ತುಂಬ್ತೀನಿ."

ವಿಷಯವೆಲ್ಲ ಕೇಳಿದ ವಿಜ್ಞಾನಿಗಳಿಗೆ ಹುರುಪು ಬಂತು. ತಪ್ಪು ತಿಳುವಳಿಕೆಯನ್ನು ಹೋಗಲಾಡಿಸಲು ಇದೊಂದು ಸದವಕಾಶ ಎಂದರು. ಅವರ ಹೆಂಡತಿ ಏನೆಂದರೋ ಕಾಣೆ.

ಭಾನುವಾರ ಬೆಳ್ಳೂರಿನವರು ಬಂದಾಗ ನಮ್ಮ ನಡುಮನೆಯಲ್ಲಿ ಮಣೆಯ ಮೇಲೆ ವಿಜ್ಞಾನಿಗಳ ಹೆಂಡತಿ ಕೂತಿದ್ದರು. ಒಳಗೆ ಬರುವವರು ಅವರನ್ನು ದಾಟಿಯೇ ಬರಬೇಕು, ಅಂಥ ಜಾಗ ಅವ್ವ ಆರಿಸಿದ್ದಳು. ಅಕ್ಕಿ, ತೆಂಗಿನಕಾಯಿ, ಬೆಲ್ಲದಚ್ಚು, ಹಸಿರು ಬಳೆ, ಎಲೆ ಅಡಿಕೆ ತುಂಬುತ್ತಾ ಅವ್ವ ಹೆಂಗಸರ ಜೊತೆ ಸೇರಿ ಸೋಬಾನೆ ಹಾಡಿದಳು. ಹಾಡಿನ ನಡುವೆ ನಿಲ್ಲಿಸಿ, ಮಾವನ ಕಡೆ ತಿರುಗಿ, "ಇವ್ರ ಯಜಮಾನ್ರೇ ಕಣಣ್ಣ ಕಿರ್ಣ ಬುಡೋರು. ದಿನಾ! ಅದೂ ಹತ್ರದಿಂದ! ನನ್ ಮಗ ಡಬ್ಬಿ ಮುಟ್ತಾನೆ ಅಷ್ಟೇಯ" ಎಂದಳು. ಮಾವ ತಲೆಯಾಡಿಸಿದರು. ಅವರ ಮುಖ ಇಳಿದುಹೋಗಿತ್ತು.

ಇನ್ನೂ ನಂಬಿಕೆ ಬಂದಿಲ್ಲ ಎಂದುಕೊಂಡ ಅವ್ವ ವಿಜ್ಞಾನಿಗಳ ಮಗಳನ್ನು ಎಳೆತಂದು ಮಾವನ ತೊಡೆಯ ಮೇಲೆ ಕೂರಿಸಿದಳು. "ಇದೂ ಅವ್ರದೇ." ಮಗು ಮಾವನ ಮೀಸೆ ಎಳೆಯಿತು. ಮಾವ ಇನ್ನೂ ಸಪ್ಪಗಾದರು. ವಿಜ್ಞಾನಿಗಳು ಎದ್ದು ಕಿರಣಗಳ ಬಗ್ಗೆ ಪುಟ್ಟ ಭಾಷಣ ಮಾಡಿದರು. ನಮ್ಮ ಕಾರ್ಯಕರ್ತರ ಸಂತಾನಶಕ್ತಿಗೆ ಎಳ್ಳಷ್ಟೂ ಧಕ್ಕೆಯಿಲ್ಲ ಎಂದು ನನ್ನ ಬೆನ್ನು ತಟ್ಟಿದರು. ಕಿಟಕಿಯಲ್ಲಿ ಇಣುಕುತ್ತಿದ್ದ ನನ್ನ ಕ್ರಿಕೆಟ್ ತಂಡ ಶಿಳ್ಳೆ ಹಾಕಿತು. ನೆಲ ಬಾಯಿಬಿಟ್ಟಿದ್ದರೆ ನಾನು ಇಳಿದುಬಿಡುತ್ತಿದ್ದೆ.

ಆಗ ಹುಡುಗಿ ಎದ್ದು, ಇವರ ಹತ್ತಿರ ಸ್ವಲ್ಪ ಮಾತಾಡಬೇಕು ಎಂದಳು. ಹಿತ್ತಲಿಗೆ ಹೋದೆವು. ನೀರಿನ ತೊಟ್ಟಿಯ ಪಕ್ಕ ಅವಳು ನಿಂತಳು, ನಾನು ಹಸುವಿನ ಪಕ್ಕ ನಿಂತೆ.

"ನಿಮ್ಮವ್ವ ಪಾಪ ಬಾಳ ಕಷ್ಟಪಟ್ರು" ಎಂದಳು. ನಗುತ್ತಿದ್ದಳು, ಕಣ್ಣಲ್ಲಿ ನೀರಿತ್ತು. "ಕಾಲೇಜಲ್ಲಿದ್ದಾಗ ನಂಗೊಂದು ಆಪರೇಷನ್ ಆಯ್ತು. ಗರ್ಭಕೋಶ ತೆಗ್ದವ್ರೆ. ನಂಗೆ ಮಕ್ಳಾಗಲ್ಲ. ಬಂದೋರಿಗೆಲ್ಲ ಹೇಳ್ಬುಡ್ತೀನಿ, ಹೇಳಿದ್ಮೇಲೆ ಯಾರೂ ಬರಲ್ಲ. ನೀವು ಬಂದಾಗ ಹೇಳ್ಬೇಕು ಅನ್ಕಂಡೆ, ಬೆಲ್ಲದ್ ಮಾತಾಡಿ ನಗಿಸ್ಬುಟ್ರಿ, ಆಗ್ಲಿಲ್ಲ."

ನಾನು ಹಸುವಿನ ಹಗ್ಗ ಹಿಡಿದುಕೊಂಡೆ.

"ಆಮೇಲೆ ನಮ್ಮಾವ ನಿಮ್ಮೂರಿಂದ ಬಂದು, ಆ ಹುಡ್ಗನ್ಗೂ ಆಗಲ್ವಂತೆ ಕಣವ್ವ ಅಂದ್ರು. ತಪ್ಪು ಅಂತ ಗೊತ್ತು, ಆದ್ರೂ ದೇವ್ರಾಣೆ ನಂಗೆ ಖುಷಿ ಆಯ್ತು. ನಮ್ಮಾವಂಗೂ ಆಯ್ತು. ಅದ್ಕೇ ನಾನೇ ಬತ್ತೀನಿ, ನಾನೇ ಹೇಳ್ತೀನಿ ಅಂತ ಬಂದೆ. ಬಂದು ನೋಡಿದ್ರೆ ಒಳ್ಗಡೆ ಇಂಗೆ." ಕಣ್ಣು ಒರೆಸಿಕೊಂಡಳು. "ನಿಮ್ಗೆ ಏನೂ ಆಗಿಲ್ಲ. ನಾಳೆ ನಮ್ಮಾವ ಜಾತ್ಕ ಕೂಡ್ಲಿಲ್ಲ ಅಂತ ಫೋನ್ ಮಾಡ್ತಾರೆ. ನಿಜ ಏನು ಅಂತ ನಿಮ್ಗೆ ಗೊತ್ತಿರ್ಲಿ."

ನಾನು ಆರೋಗ್ಯವಾಗಿದ್ದೇನೆ ಎಂದು ಒಬ್ಬ ಹೆಣ್ಣು ಬೇಜಾರು ಮಾಡಿಕೊಂಡದ್ದನ್ನು ಅದೇ ಮೊದಲು ನೋಡಿದ್ದು. ನಗು ಬಂತು, ಸಂಕಟವೂ ಆಯಿತು.

"ಅದೊಂದು ಬುಟ್ರೆ, ನನ್ನಲ್ಲಿ ಬೇರೆ ಏನಾದ್ರೂ ತೊಂದ್ರೆ ಕಾಣ್ತದಾ?" ಎಂದು ಕೇಳಿದೆ.

"ಇಲ್ಲ" ಎಂದಳು.

"ಅಂಗಾರೆ ನಂಗೂ ಇಲ್ಲ."

ಅವಳು ತೊಟ್ಟಿಯ ನೀರಿನಲ್ಲಿ ಮುಖ ತೊಳೆದುಕೊಂಡಳು. ಆಮೇಲೆ, ನಿಮ್ಮವ್ವನಿಗೆ ಹೇಳದೆ ನಾನು ಹೂಂ ಅನ್ನುವುದಿಲ್ಲ ಎಂದಳು.

ಅವ್ವನನ್ನು ಅಡುಗೆಮನೆಗೆ ಕರೆದು ಹೇಳಿದೆ. ಕೇಸರಿಬಾತಿನ ಸೌಟು ಹಿಡಿದೇ ಒಲೆಯ ಪಕ್ಕ ಕೂತಳು. ಹೊರಗೆ ವಿಜ್ಞಾನಿಗಳ ಮಗಳ ಗಲಾಟೆ ಕೇಳಿಸುತ್ತಿತ್ತು. ಅವ್ವನಿಗೆ ಮೊಮ್ಮಕ್ಕಳ ಆಸೆ ಎಷ್ಟಿತ್ತೆಂದು ನಾನು ಬಲ್ಲೆ. ನನ್ನ ತೊಟ್ಟಿಲನ್ನು ಅಟ್ಟದಿಂದ ಇಳಿಸಿ ವರ್ಷಕ್ಕೊಮ್ಮೆ ಎಣ್ಣೆ ಹಚ್ಚಿಡುತ್ತಿದ್ದವಳು ಅವಳು.

"ಆ ಎಣ್ಣು ಅದನ್ನ ತಾನೇ ಯೋಳ್ತಾ?" ಎಂದಳು.

"ಊಂ."

"ಯಾರೂ ಕೇಳ್ದೆ?"

"ಊಂ."

ಅವ್ವ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. "ನಾನು ಆಮ್ಯಾಕೆ ಅಳ್ತೀನಿ. ನೀನ್ ಬಂದು ಸಮಾಧಾನ ಮಾಡ್ಬ್ಯಾಡ, ಸುಮ್ಕಿರು. ಈಗ ಓಗಿ ಅವ್ರಿಗೆ ಎಲೆ ಹಾಕು."

ನಮ್ಮ ಮದುವೆ ಕೆ.ಆರ್. ಪೇಟೆಯಲ್ಲಿ ಆಯಿತು. ತಂಡದಿಂದ ನನ್ನನ್ನು ತೆಗೆದರು. ಸೊಳ್ಳೆ ಬಿಡುವ ಕೆಲಸ ನಡೆದೇ ಇದೆ. ಸಂತತಿ ಎಷ್ಟು ಇಳಿದಿದೆ ಎಂದು ಮೈಸೂರಿನವರು ಲೆಕ್ಕ ಹಾಕುತ್ತಿದ್ದಾರೆ. ಇದನ್ನೆಲ್ಲ ಬರೆಯಲೇ ಎಂದು ಹೆಂಡತಿಯನ್ನು ಕೇಳಿದಾಗ, "ಬರೀರಿ, ಹೆಸ್ರು ಮಾತ್ರ ಹಾಕ್ಬೇಡಿ. ನಮ್ಮೂರಲ್ಲಿ ಪುಸ್ತಕ ಓದೋರು ಯಾರವ್ರೆ?" ಎಂದಳು.

ಮದುವೆಯಾಗಿ ವರ್ಷ ತುಂಬುತ್ತಿದ್ದ ಹಾಗೆ ಊರಿನ ಹೆಂಗಸರ ಬಾಯಿ ತೆರೆಯಿತು. ಡೈರಿಯಲ್ಲಿ ಹಾಲು ಹಾಕಲು ನಿಂತಾಗ, ನಲ್ಲಿಯ ಹತ್ತಿರ, ಬಸ್ಸಿನಲ್ಲಿ, ಎಲ್ಲಿ ಕಂಡರೂ ನನ್ನ ಹೆಂಡತಿಯನ್ನು ಕೇಳುವುದೇ ಅದು: "ಏನವ್ವ, ಇನ್ನೂ ಏನೂ ಇಲ್ವಾ?" ಅವಳು ಏನೋ ಹೇಳಿ ಜಾರಿಕೊಳ್ಳುತ್ತಿದ್ದಳು. ಮನೆಗೆ ಬಂದು ಮಾತು ಕಡಿಮೆ ಮಾಡುತ್ತಿದ್ದಳು. ಆ ನಗು ದಿನೇ ದಿನೇ ಕಡಿಮೆಯಾಗುವುದನ್ನು ನೋಡಿಕೊಂಡಿರುವುದು ನನಗೆ ಬಹಳ ಕಷ್ಟವಾಯಿತು.

ಒಂದು ಸಂಜೆ ಡೈರಿಯ ಸಾಲಿನಲ್ಲಿ ಅತ್ತೆ ಸೊಸೆ ಇಬ್ಬರೂ ಇದ್ದಾಗ ಯಾರೋ ಮತ್ತೆ ಕೇಳಿದರು. ಅವ್ವ ಹಾಲಿನ ಕ್ಯಾನು ನೆಲಕ್ಕೆ ಕುಕ್ಕಿದಳಂತೆ.

"ಅವ್ಳನ್ ಯಾಕ್ರೇ ಕೇಳ್ತೀರಾ? ಅವ್ಳಿಗೇನಾಗೈತೆ, ಚಿನ್ನದಂತಾ ಎಣ್ಣು. ನನ್ ಮಗನ್ದೇ ಎಲ್ಲ. ಆ ಹಾಳ್ ಸೊಳ್ಳೆ ಡಬ್ಬಿ ಒಟ್ಟೆಗೆ ಒರಗಿಸ್ಕಂಡು ತಿರುಗಬ್ಯಾಡ ಕಣ್ಲಾ ಅಂತ ಬಡ್ಕಂಡೆ, ಕೇಳ್ನಾ? ಕಿರ್ಣ ತಾಕ್ಬುಡ್ತು!"

ಬಸುರಿಯನ್ನು ನಡುಮನೆಯಲ್ಲಿ ಕೂರಿಸಿ ಸೋಬಾನೆ ಹಾಡಿದವಳು ಇವಳೇ. ಟೀ ಅಂಗಡಿಯವನು "ಅವತ್ತೇ ಯೋಳಿದ್ನಲ್ಲ" ಎಂದು ಎದೆ ಉಬ್ಬಿಸಿದ. ಮಾತು ಪಕ್ಕದ ಊರುಗಳಿಗೂ ಹೋಗಿ, ವಿಜ್ಞಾನಿಗಳು ಗಾಬರಿಯಿಂದ ಫೋನ್ ಮಾಡಿದರು. ಅಮ್ಮ, ನಿಮ್ಮ ಮಾತಿನಿಂದ ನಮ್ಮ ಜೀಪನ್ನು ಊರೊಳಗೆ ಬಿಡುತ್ತಿಲ್ಲ ಎಂದರು. "ನಿಮ್ ಎರಡ್ನೇ ಮಗೀನ ಕರ್ಕಂಡೋಗಿ ತೋರ್ಸಿ ಸಾರ್, ಬುಡ್ತಾರೆ" ಎಂದು ಅವ್ವ ಫೋನ್ ಇಟ್ಟಳು.

ಈಗ ನಾನು ಬೀದಿಯಲ್ಲಿ ಹೋದರೆ ಜನ "ಪಾಪ" ಎನ್ನುತ್ತಾರೆ. ಮೊದಮೊದಲು ನನಗೆ ಸಿಟ್ಟೇ ಬಂದಿತ್ತು. ಒಂದು ದಿನ ಅವ್ವ ಕೊಟ್ಟಿಗೆಯಲ್ಲಿದ್ದಾಗ ಕೇಳಿಯೂಬಿಟ್ಟೆ. "ಏನವ್ವ, ನನ್ ಮಾನ ಇಂಗಾ ಕಳೆಯದು?"

ಅವ್ವ ತಲೆ ಎತ್ತಲಿಲ್ಲ. "ನೀನ್ ಗಂಡ್ಸು ಕಣ್ಲಾ. ನಿನ್ ಎದುರ್ಗೆ ನಿಂತು ಯಾರೂ ಕೇಳಲ್ಲ. ಅವ್ಳನ್ನ ದಿನಾ ಕೇಳ್ತಿದ್ರು" ಎಂದು ಹೇಳಿ, ಹಾಲು ಕರೆಯುವುದನ್ನು ಮುಂದುವರಿಸಿದಳು.